ಮಣ್ಣಿಲ್ಲದ ಬೇಸಾಯವೂ ನಮ್ಮ ಒಕ್ಕಲುತನವೂ

ಒಕ್ಕಲುತನವೆಂದರೆ ಮಣ್ಣಿನೊಡನೆ ನಡೆಸುವ ಬಾಳುವೆ ಎಂಬ ತಿಳಿವಳಿಕೆ ನಮ್ಮ ಭಾಗದ ಜನರಲ್ಲಿ ತಲೆತಲಾಂತರದಿಂದ ಬೇರೂರಿದೆ. ಹೊಲವನ್ನು ಕಂಡು ‘ಎರೆ’ ಎಂದೋ ‘ಮಸಾರಿ’ ಎಂದೋ ಹೆಸರಿಸಿದ ಕೂಡಲೇ ಅಲ್ಲಿ ಏನನ್ನು ಬಿತ್ತಬೇಕು, ಎಂದು ಬಿತ್ತಬೇಕು, ಎಷ್ಟು ಮಳೆಗೆ ಎಷ್ಟು ಫಲ ಎಂಬ ಲೆಕ್ಕವೆಲ್ಲ ರೈತನ ಮನಸ್ಸಿನಲ್ಲಿ ಮೂಡಿಬಿಡುತ್ತದೆ. ಇಂಥವರ ಮುಂದೆ ಮಣ್ಣೇ ಇಲ್ಲದೆ ಬೆಳೆ ತೆಗೆಯಬಹುದೆಂದು ಹೇಳಿದರೆ ಮೊದಲು ನಗೆ, ಆಮೇಲೆ ಕುತೂಹಲ, ಕೊನೆಗೆ ‘ಖರ್ಚು ಎಷ್ಟು, ಫಲ ಎಷ್ಟು?’ ಎಂಬ ಪ್ರಶ್ನೆ ಹುಟ್ಟುವುದು ಸಹಜ. ಈ ಕೊನೆಯ ಪ್ರಶ್ನೆಗೆ ನೇರವಾದ ಉತ್ತರ ದೊರೆಯುವುದು ಅಪರೂಪ. ಅದನ್ನು ಕೊಡಲು ಯತ್ನಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

2023ರ ಮುಂಗಾರು ಕೈಕೊಟ್ಟಾಗ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಸರಕಾರ ಬರಪೀಡಿತವೆಂದು ಘೋಷಿಸಿತು. 1972ರ ಬರವನ್ನು ಕಂಡ ಹಿರಿಯರಿಗೆ ಇಂಥ ವರ್ಷದ ಅರ್ಥವನ್ನು ವಿವರಿಸಬೇಕಾಗಿಲ್ಲ. ಬಣವೆ ಕರಗುತ್ತದೆ, ಕಣಿಕೆಯ ಬೆಲೆ ಏರುತ್ತದೆ, ಮನೆಯಲ್ಲಿ ಹುಟ್ಟಿ ಬೆಳೆದ ಎತ್ತು ಎಮ್ಮೆಗಳನ್ನು ಸಂತೆಗೆ ಹೊಡೆಯುವ ಗಳಿಗೆ ಬರುತ್ತದೆ. ಇಂಥ ಹೊತ್ತಿನಲ್ಲಿಯೇ ಮಣ್ಣಿಲ್ಲದೆ ಹಸಿಮೇವು ಬೆಳೆಯುವ ಯಂತ್ರಗಳ ಪ್ರಚಾರವೂ ಜೋರಾಗಿ ನಡೆಯುತ್ತದೆ. ಒಂದು ಕಿಲೋ ಬೀಜ ಹಾಕಿದರೆ ಎಂಟು ದಿನಗಳಲ್ಲಿ ಎಂಟು ಹತ್ತು ಕಿಲೋ ಮೇವು ಎಂಬ ಮಾತು ಕಷ್ಟದಲ್ಲಿರುವವನ ಕಿವಿಗೆ ಎಷ್ಟು ಹಿತವಾಗಿ ಕೇಳಿಸೀತೆಂಬುದನ್ನು ಊಹಿಸಬಹುದು. ದೂರದ ಊರುಗಳಲ್ಲಿ ನೆಲೆಸಿ ನಾಲ್ಕು ಕಾಸು ಸಂಪಾದಿಸಿರುವ ಹಳೆಯ ವಿದ್ಯಾರ್ಥಿಗಳೂ ‘ತಂದೆಯವರ ತೋಟದಲ್ಲಿ ಇಂಥದೊಂದನ್ನು ಹಾಕಿಸಬಹುದೇ? ಶಾಲೆಗೆ ಒಂದನ್ನು ಕೊಡಿಸಬಹುದೇ?’ ಎಂದು ಯೋಚಿಸುವುದುಂಟು. ಹಣ ಕೊಡುವ ಮುನ್ನ ಆ ಎಂಟು ಕಿಲೋದಲ್ಲಿ ಇರುವುದೇನೆಂಬುದನ್ನು ತಿಳಿದಿರುವುದು ಒಳ್ಳೆಯದು.

ಹೆಸರಿನ ವಿಚಾರವನ್ನು ಮೊದಲು ಹೇಳಿಬಿಡೋಣ. ಇಂಗ್ಲಿಷಿನಲ್ಲಿ ಇದಕ್ಕೆ ‘ಹೈಡ್ರೋಪೋನಿಕ್ಸ್’ ಎನ್ನುತ್ತಾರೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡಬ್ಲ್ಯು. ಎಫ್. ಗೆರಿಕ್ ಎಂಬ ವಿಜ್ಞಾನಿ 1929ರಲ್ಲಿ ತನ್ನ ಪ್ರಯೋಗಗಳನ್ನು ಪ್ರಕಟಿಸಿದಾಗ ಈ ವಿಧಾನಕ್ಕೆ ‘ಅಕ್ವಾಕಲ್ಚರ್’ ಎಂಬ ಹೆಸರನ್ನಿಟ್ಟಿದ್ದನು. ಆ ಶಬ್ದವು ಜಲಚರಗಳ ಸಾಕಣೆಗೆ ಆಗಲೇ ಬಳಕೆಯಲ್ಲಿದ್ದುದರಿಂದ ಸಹೋದ್ಯೋಗಿ ಸೆಚೆಲ್ ಸೂಚಿಸಿದ ಹೊಸ ಹೆಸರು 1937ರಲ್ಲಿ ಬಳಕೆಗೆ ಬಂದಿತು. ಕನ್ನಡದಲ್ಲಿಯೂ ಇದೇ ತೊಡಕಿದೆ. ‘ಜಲಕೃಷಿ’ ಎಂದರೆ ಮೀನು ಸಾಕಣೆ ಎಂದು ತಿಳಿಯುವವರೇ ಹೆಚ್ಚು. ಗ್ರೀಕ್ ಭಾಷೆಯಲ್ಲಿ ‘ಹೈಡ್ರೋ’ ಎಂದರೆ ನೀರು, ‘ಪೋನೋಸ್’ ಎಂದರೆ ದುಡಿಮೆ. ನಮ್ಮ ಮಾತಿನಲ್ಲಿ ‘ಜಲಕಾಯಕ’ ಎಂದರೆ ಚೆನ್ನಾಗಿಯೇ ಒಪ್ಪುತ್ತಿತ್ತು. ಆದರೂ ಅರ್ಥ ತಟ್ಟನೆ ಹೊಳೆಯುವ ‘ಮಣ್ಣಿಲ್ಲದ ಬೇಸಾಯ’ ಎಂಬುದನ್ನೇ ಇಲ್ಲಿ ಬಳಸಿದ್ದೇನೆ.

ಗಿಡವು ಏನನ್ನು ತಿಂದು ಬೆಳೆಯುತ್ತದೆ ಎಂಬ ಪ್ರಶ್ನೆ ಬಹಳ ಹಳೆಯದು. ವಾನ್ ಹೆಲ್ಮಾಂಟ್ ಎಂಬಾತನು 200 ಪೌಂಡು ಒಣಮಣ್ಣಿನ ಕುಂಡದಲ್ಲಿ 5 ಪೌಂಡು ತೂಕದ ವಿಲ್ಲೋ ಗಿಡವನ್ನು ನೆಟ್ಟು, ಐದು ವರ್ಷ ಬರಿಯ ನೀರೆರೆದು ತೂಗಿದನು. ಗಿಡವು 169 ಪೌಂಡು ದಾಟಿತ್ತು. ಮಣ್ಣು ಕೇವಲ ಎರಡು ಔನ್ಸಿನಷ್ಟು ಕಡಿಮೆಯಾಗಿತ್ತು. ಅವನು ಕಾಲವಾದ ಮೇಲೆ, 1648ರಲ್ಲಿ, ಈ ವೃತ್ತಾಂತ ಪ್ರಕಟವಾಯಿತು. ಗಿಡವೆಲ್ಲ ನೀರಿನಿಂದಲೇ ಆದುದೆಂದು ಅವನು ತೀರ್ಮಾನಿಸಿದನು. ಗಿಡದ ಒಡಲಿನ ಬಹುಭಾಗವಾದ ಇಂಗಾಲವು ಗಾಳಿಯಿಂದ ಬರುತ್ತದೆಂಬುದು ಆ ಕಾಲಕ್ಕೆ ತಿಳಿದಿರಲಿಲ್ಲ. 1699ರಲ್ಲಿ ಇಂಗ್ಲೆಂಡಿನ ಜಾನ್ ವುಡ್‌ವರ್ಡ್ ಪುದೀನದ ಜಾತಿಯ ಗಿಡಗಳನ್ನು ಮಳೆನೀರು, ನದಿನೀರು, ತೋಟದ ಮಣ್ಣು ಕದಡಿದ ನೀರು ಇವುಗಳಲ್ಲಿ ಬೆಳೆಸಿ, ಶುದ್ಧನೀರಿಗಿಂತ ಮಣ್ಣು ಕದಡಿದ ನೀರಿನಲ್ಲಿ ಬೆಳವಣಿಗೆ ಹೆಚ್ಚೆಂದು ತೋರಿಸಿದನು. ನೀರಲ್ಲದೆ ಮಣ್ಣಿನಿಂದಲೂ ಏನೋ ಒಂದು ಬೇಕೆಂಬುದು ಹೀಗೆ ಸ್ಥಿರಪಟ್ಟಿತು. ಆ ‘ಏನೋ ಒಂದು’ ಎಂದರೆ ಲವಣಗಳೆಂದು 1860ರ ಸುಮಾರಿಗೆ ಜರ್ಮನಿಯ ಸಾಕ್ಸ್ ಮತ್ತು ನಾಪ್ ಎಂಬ ವಿಜ್ಞಾನಿಗಳು ತೋರಿಸಿಕೊಟ್ಟರು. ಗಾಳಿ ನೀರುಗಳಿಂದ ದೊರೆಯುವ ಇಂಗಾಲ, ಜಲಜನಕ, ಆಮ್ಲಜನಕ; ಹೆಚ್ಚಾಗಿ ಬೇಕಾಗುವ ಸಾರಜನಕ, ರಂಜಕ, ಪೊಟ್ಯಾಸಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ, ಗಂಧಕ; ಅತ್ಯಲ್ಪವಾಗಿ ಬೇಕಾಗುವ ಕಬ್ಬಿಣ, ಸತು, ತಾಮ್ರ ಮೊದಲಾದ ಎಂಟು. ಹೀಗೆ ಒಟ್ಟು ಹದಿನೇಳು ಧಾತುಗಳನ್ನು ಗಿಡಕ್ಕೆ ಅವಶ್ಯವೆಂದು ಇಂದು ಎಣಿಸಲಾಗುತ್ತದೆ. ಇವುಗಳನ್ನು ತಕ್ಕ ಪ್ರಮಾಣದಲ್ಲಿ ನೀರಿನಲ್ಲಿ ಕರಗಿಸಿ ಬೇರಿಗೆ ಒದಗಿಸಿದರೆ ಮಣ್ಣಿನ ಹಂಗಿಲ್ಲ.

ಗೆರಿಕ್‌ನ ಎತ್ತರವಾದ ಟೊಮ್ಯಾಟೊ ಬಳ್ಳಿಗಳ ಚಿತ್ರಗಳು ಪತ್ರಿಕೆಗಳಲ್ಲಿ ಬಂದ ಮೇಲೆ ಅಮೆರಿಕದಲ್ಲಿ ಒಂದು ಹುಚ್ಚೇ ಎದ್ದಿತು. ಬೆಲೆಯಿಲ್ಲದ ಸಲಕರಣೆಗಳು ಭಾರಿ ಬೆಲೆಗೆ ಮಾರಾಟವಾದವು. ಅದೇ ವಿಶ್ವವಿದ್ಯಾಲಯದ ಹೋಗ್‌ಲ್ಯಾಂಡ್ ಮತ್ತು ಆರ್ನನ್ ಎಂಬ ಇಬ್ಬರು ವಿದ್ವಾಂಸರು ಪರೀಕ್ಷೆ ನಡೆಸಿ 1938ರಲ್ಲಿ ಒಂದು ಕಿರುಹೊತ್ತಗೆಯನ್ನು ಹೊರಡಿಸಿದರು. ಒಳ್ಳೆಯ ಮಣ್ಣಿನಲ್ಲಿ ಬರುವುದಕ್ಕಿಂತ ಹೆಚ್ಚಿನ ಫಲವೇನೂ ನೀರಿನಲ್ಲಿ ತಾನಾಗಿ ಬರುವುದಿಲ್ಲ, ಬೆಳಕು ಮತ್ತು ಹವೆಗಳೇ ಎರಡಕ್ಕೂ ಮಿತಿಯನ್ನು ಹಾಕುತ್ತವೆ ಎಂಬುದು ಅವರ ನಿರ್ಣಯದ ತಾತ್ಪರ್ಯ. ಅವರು ಸಿದ್ಧಪಡಿಸಿದ ಲವಣದ್ರಾವಣವನ್ನು ಜಗತ್ತೆಲ್ಲ ಇಂದಿಗೂ ಬಳಸುತ್ತಿದೆ. ಅವರ ಎಚ್ಚರಿಕೆಯನ್ನು ಮಾತ್ರ ಪ್ರತಿಯೊಂದು ತಲೆಮಾರೂ ಮರೆತಂತೆ ಕಾಣುತ್ತದೆ.

ನಮ್ಮ ದೇಶದಲ್ಲಿಯೂ ಈ ವಿದ್ಯೆ ಇಂದಿನದಲ್ಲ. ಬಂಗಾಳದ ಡಾರ್ಜಿಲಿಂಗ್ ಜಿಲ್ಲೆಗೆ ಸೇರಿದ್ದ ಕಾಲಿಂಪಾಂಗ್‌ನಲ್ಲಿ 1946ರ ಸುಮಾರಿಗೆ ಶೋಲ್ಟೋ ಡಗ್ಲಾಸ್ ಎಂಬಾತನು ಬಡವರ ಹಿತ್ತಲಿಗೆ ಒಗ್ಗುವ ಸರಳ ಪದ್ಧತಿಯೊಂದನ್ನು ರೂಪಿಸಿ, 1951ರಲ್ಲಿ ಅದರ ಮೇಲೆ ಪುಸ್ತಕವನ್ನು ಪ್ರಕಟಿಸಿದನು. ಅದಕ್ಕೆ ‘ಬಂಗಾಳ ಪದ್ಧತಿ’ ಎಂದೇ ಹೆಸರಾಯಿತು. ಕಲ್ಲಿನ ಚೂರು ಮತ್ತು ಮರಳು ತುಂಬಿದ ತೊಟ್ಟಿ; ಮೇಲೆ ಗೊತ್ತಾದ ಪ್ರಮಾಣದ ಲವಣದ ಪುಡಿ; ಅದರ ಮೇಲೆ ನೀರು. ಪಂಪು, ಕೊಳವೆ, ವಿದ್ಯುತ್ತು ಯಾವುದೂ ಬೇಕಿಲ್ಲ. ವಿದ್ಯುತ್ತು ಯಾವಾಗ ಬಂದು ಯಾವಾಗ ಹೋಗುವುದೋ ಹೇಳಲಾಗದ ಹಳ್ಳಿಗೆ, ಗಾಜಿನ ಮನೆಯಲ್ಲಿ ಗುಂಯ್‌ಗುಡುವ ಯಂತ್ರಗಳಿಗಿಂತ ಈ ತೊಟ್ಟಿಯೇ ಹೆಚ್ಚು ಸಲ್ಲುವಂಥದೆಂದು ನನ್ನ ಅಭಿಪ್ರಾಯ. ಆದರೆ ನಮ್ಮ ಕಡೆಯವರು ಕಲ್ಲನ್ನು ಆರಿಸುವಾಗ ಎಚ್ಚರ ವಹಿಸಬೇಕು. ಕಲಬುರಗಿ ಸೀಮೆಯ ಶಹಾಬಾದ ಕಲ್ಲು ಸುಣ್ಣದ ಕಲ್ಲು. ಅದರ ಚೂರನ್ನು ತುಂಬಿದರೆ ದ್ರಾವಣದ ರಸಸಾರ ಏರಿ, ಕಬ್ಬಿಣ ಸತುಗಳು ಬೇರಿಗೆ ದಕ್ಕದೆ ಎಲೆ ಹಳದಿಯಾಗುತ್ತದೆ. ಶಾಲೆಯ ಪ್ರಯೋಗಾಲಯದಲ್ಲಿ ಚೂರಿನ ಮೇಲೆ ಆಮ್ಲದ ಒಂದು ಹನಿ ಬಿಟ್ಟು ನೋಡಿದರೆ ಸಾಕು. ನೊರೆ ಎದ್ದರೆ ಆ ಕಲ್ಲು ಬೇಡ. ಬೆಣಚುಕಲ್ಲು, ಗ್ರಾನೈಟಿನ ಜಲ್ಲಿ ಆಗಬಹುದು.

ಇನ್ನು ಮೇವಿನ ವಿಚಾರ. ರೈತನ ಹಣ ಹೆಚ್ಚಾಗಿ ಹೋಗುವುದು ಇಲ್ಲಿಯೇ ಆದ್ದರಿಂದ ಇದನ್ನು ತುಸು ವಿಸ್ತರಿಸಿ ಹೇಳಬೇಕಾಗಿದೆ.

ಗೋವೆಯಲ್ಲಿರುವ ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಸಂಸ್ಥೆಯಲ್ಲಿ 2010ರ ದಶಕದ ಮೊದಲ ವರ್ಷಗಳಲ್ಲಿ ಗೋವಿನಜೋಳದ, ಅಂದರೆ ಮೆಕ್ಕೆಜೋಳದ, ಮೇವಿನ ಮೇಲೆ ಕ್ರಮಬದ್ಧವಾದ ಕೆಲಸ ನಡೆಯಿತು. ವಿಧಾನ ಸರಳವಾದುದು. ಬೀಜವನ್ನು ತೊಳೆದು ಹನ್ನೆರಡರಿಂದ ಇಪ್ಪತ್ತನಾಲ್ಕು ತಾಸು ನೆನೆಹಾಕಿ, ಗೋಣಿತಟ್ಟಿನಲ್ಲಿ ಕಟ್ಟಿ ಮೊಳಕೆ ಬರಿಸಿ, ತಳದಲ್ಲಿ ತೂತುಗಳಿರುವ ತಟ್ಟೆಗಳಲ್ಲಿ ಹರಡಿ, ನೆರಳಿನಲ್ಲಿ ಹಂತಹಂತವಾಗಿ ಜೋಡಿಸಿ, ಕೆಲವು ತಾಸುಗಳಿಗೊಮ್ಮೆ ನೀರು ಚಿಮುಕಿಸಬೇಕು. ಏಳೆಂಟು ದಿನಗಳಲ್ಲಿ ಗೇಣೆತ್ತರದ ಹಸುರು ಬೆಳೆದು, ಬೇರುಗಳು ಹೆಣೆದುಕೊಂಡು ಚಾಪೆಯಂತಾಗುತ್ತವೆ. ಎಲೆ, ಬೀಜ, ಬೇರು ಸಮೇತ ಚಾಪೆಯನ್ನೇ ದನಗಳಿಗೆ ಹಾಕುತ್ತಾರೆ. ನವರಾತ್ರಿಯಲ್ಲಿ ಘಟ್ಟ ಹಾಕಿ ಸಸಿ ಬರಿಸುವ ಮನೆಗಳ ತಾಯಂದಿರಿಗೆ ಇದರಲ್ಲಿ ಹೊಸದೇನೂ ಕಾಣಲಿಕ್ಕಿಲ್ಲ. ಈ ಎಂಟು ದಿನ ಲವಣವೂ ಬೇಕಿಲ್ಲ, ಬೀಜದಲ್ಲಿರುವ ಸಂಗ್ರಹವೇ ಸಾಕು. ಕಟ್ಟುನಿಟ್ಟಾಗಿ ಹೇಳುವುದಾದರೆ ಇದು ಬೇಸಾಯವಲ್ಲ, ಮೊಳಕೆ ಬರಿಸುವುದು.

ಫಲವೆಷ್ಟು? ಗೋವೆಯ ಅನುಭವದಂತೆ ಒಂದು ಕಿಲೋ ಬೀಜಕ್ಕೆ ಐದಾರು ಕಿಲೋ ಹಸಿಮೇವು ಸಾಮಾನ್ಯವಾಗಿ ಬರುತ್ತದೆ. ಆದರೆ ಅದರಲ್ಲಿ ನೀರನ್ನು ಕಳೆದು ಉಳಿಯುವ ಒಣಪದಾರ್ಥ ನೂರಕ್ಕೆ 11ರಿಂದ 14 ಭಾಗ ಮಾತ್ರ. ಈಗ ಲೆಕ್ಕ ಹಾಕಿ ನೋಡೋಣ. ಐದು ಕಿಲೋ ಮೇವಿನಲ್ಲಿ ಶೇಕಡಾ 11ರಂತೆ 550 ಗ್ರಾಂ. ಆರು ಕಿಲೋದಲ್ಲಿ ಶೇಕಡಾ 14ರಂತೆ 840 ಗ್ರಾಂ. ತಟ್ಟೆಗೆ ಹಾಕಿದ ಒಂದು ಕಿಲೋ ಬೀಜದಲ್ಲಿದ್ದ ಒಣಪದಾರ್ಥವೋ ಸುಮಾರು 880 ಗ್ರಾಂ! ಎಂದರೆ ಅತ್ಯುತ್ತಮವಾಗಿ ಬಂದ ತಟ್ಟೆಯಲ್ಲಿಯೂ ನಾವು ಹಾಕಿದ್ದಕ್ಕಿಂತ ತುಸು ಕಡಿಮೆಯನ್ನೇ ಹಿಂದಕ್ಕೆ ಪಡೆಯುತ್ತೇವೆ. ಹೆಚ್ಚಾದುದು ನೀರು.

ಹೀಗೇಕೆ ಆಗುತ್ತದೆ? ಮೊಳೆಯುವ ಬೀಜವು ಉಸಿರಾಡುತ್ತದೆ. ಉಸಿರಾಟಕ್ಕೆ ತನ್ನಲ್ಲಿರುವ ಪಿಷ್ಟವನ್ನೇ ಸುಡುತ್ತದೆ. ಎಲೆ ಹಸುರಾಗಿ ಬೆಳಕಿನಿಂದ ತನ್ನ ಆಹಾರವನ್ನು ತಾನೇ ತಯಾರಿಸಿಕೊಳ್ಳುವ ಶಕ್ತಿ ಬರುವಷ್ಟರಲ್ಲಿ ಎಂಟು ದಿನ ಮುಗಿದು ಅದು ದನದ ಬಾಯಿಗೆ ಬಿದ್ದಿರುತ್ತದೆ. ನೆರಳಿನಲ್ಲಿ ಒತ್ತೊತ್ತಾಗಿ ಬೆಳೆದ ಸಸಿಗೆ ಆ ಅವಕಾಶವೂ ಕಡಿಮೆ. ಸಸಾರಜನಕ ಹೆಚ್ಚುತ್ತದೆಂಬ ಇನ್ನೊಂದು ಮಾತಿನ ಗುಟ್ಟೂ ಇದೇ. ಬೀಜದಲ್ಲಿ ನೂರಕ್ಕೆ 9ರ ಆಸುಪಾಸಿನಲ್ಲಿದ್ದ ಸಸಾರಜನಕ ಮೊಳೆತ ಮೇವಿನಲ್ಲಿ 12, 13ಕ್ಕೆ ಏರುವುದು ನಿಜ. ಆದರೆ ಪಿಷ್ಟ ಉರಿದುಹೋಗಿ ಒಟ್ಟು ತೂಕ ಇಳಿದುದರಿಂದ ಅದರ ಪಾಲು ದೊಡ್ಡದಾಗಿ ಕಾಣುತ್ತದೆ. ಒಟ್ಟು ಮೊತ್ತ ಹೆಚ್ಚುಕಡಿಮೆ ಅಷ್ಟೇ ಉಳಿದಿರುತ್ತದೆ. ಹಾಲನ್ನು ಕಾಯಿಸಿ ಬತ್ತಿಸಿದರೆ ಕೆನೆಯ ಪಾಲು ಏರುವಂತೆ.

ಒಂದು ದೊಡ್ಡ ಎಮ್ಮೆಗೆ ದಿನಕ್ಕೆ ಸುಮಾರು 10 ಕಿಲೋ ಒಣಪದಾರ್ಥ ಬೇಕು. ಐದಾರು ಕಿಲೋ ಮೊಳಕೆಮೇವಿನಲ್ಲಿ ದೊರೆಯುವುದು ಒಂದು ಕಿಲೋಗೂ ಕಡಿಮೆ. ಆದ್ದರಿಂದ ಬರಗಾಲದಲ್ಲಿ ಕಣಿಕೆಯ ಬದಲು ಈ ಮೇವನ್ನೇ ಹಾಕಿ ದನ ಉಳಿಸಿಕೊಳ್ಳುತ್ತೇನೆಂದು ಯಾರಾದರೂ ನಂಬಿದರೆ ಅವರ ದನ ಹೊಟ್ಟೆ ತುಂಬ ನೀರು ಕುಡಿದು ಸೊರಗುತ್ತದೆ.

ನೀರಿನ ಉಳಿತಾಯದ ಮಾತೂ ಇಂಥದೇ. ಒಂದು ಕಿಲೋ ಮೇವಿಗೆ ಎರಡು ಮೂರು ಲೀಟರು ನೀರು ಸಾಕೆಂಬುದು ಸುಳ್ಳಲ್ಲ. ಆದರೆ ತಟ್ಟೆಗೆ ಹಾಕಿದ ಆ ಬೀಜ ಎಲ್ಲಿಂದ ಬಂತು? ಹಾವೇರಿಯ ಕಡೆಯೋ ದಾವಣಗೆರೆಯ ಕಡೆಯೋ ಯಾರದೋ ಹೊಲದಲ್ಲಿ, ಯಾವುದೋ ಮಳೆಯನ್ನು ಕುಡಿದು ಬೆಳೆದದ್ದು. ಒಂದು ಕಿಲೋ ಗೋವಿನಜೋಳ ಬೆಳೆಯಲು ನೆಲದಿಂದ ಆವಿಯಾಗಿ ಹೋಗುವ ನೀರು ಹಲವು ನೂರು ಲೀಟರು. ಆ ನೀರನ್ನು ಲೆಕ್ಕದಿಂದ ಬಿಟ್ಟು ತಟ್ಟೆಯ ನೀರನ್ನಷ್ಟೇ ಎಣಿಸುವುದು, ಬೀಗರ ಮನೆಯಲ್ಲಿ ಉಂಡು ಬಂದು ನಮ್ಮ ಮನೆಯಲ್ಲಿ ಅಕ್ಕಿ ಉಳಿಯಿತೆಂದಂತೆ. ಬೀಜದ ಬೆಲೆಯೂ ಹೀಗೆಯೇ ಕಾಡುತ್ತದೆ: ಗೋವೆಯ ಲೆಕ್ಕಾಚಾರದಲ್ಲಿ ಮೇವಿನ ಉತ್ಪಾದನಾ ವೆಚ್ಚದ ಹತ್ತರಲ್ಲಿ ಒಂಬತ್ತು ಭಾಗದಷ್ಟು ಬೀಜದ್ದೇ. ಬರಗಾಲದಲ್ಲಿ ಏರುವುದು ಆ ಬೀಜದ ಬೆಲೆಯೇ.

ಹಾಗಾದರೆ ಇದು ನಿರುಪಯೋಗವೇ ಎಂದರೆ ಅದೂ ಅಲ್ಲ. ನಮ್ಮ ಹಿಂಗಾರಿ ಜೋಳದ ಸೀಮೆಯಲ್ಲಿ ಸುಗ್ಗಿ ಮುಗಿದ ಮೇಲೆ ಮುಂಗಾರು ಮಳೆಯ ಹುಲ್ಲು ಚಿಗುರುವ ತನಕ ದನಗಳಿಗೆ ಹಸುರೆಂಬುದೇ ಕಾಣುವುದಿಲ್ಲ. ತಿಂಗಳುಗಟ್ಟಲೆ ಬರಿಯ ಕಣಿಕೆ, ಹೊಟ್ಟು ತಿಂದ ದನಕ್ಕೆ ‘ಎ’ ಜೀವಸತ್ವದ ಮೂಲವಾದ ಕ್ಯಾರೊಟೀನ್ ದೊರೆಯದೆ ಕಣ್ಣು ಮಂಜಾಗುವುದು, ಗರ್ಭ ನಿಲ್ಲದಿರುವುದು, ಕರು ದುರ್ಬಲವಾಗಿ ಹುಟ್ಟುವುದು ಮೊದಲಾದ ತೊಂದರೆಗಳುಂಟು. ಒಣಬೀಜದಲ್ಲಿ ಅಲ್ಪವಾಗಿರುವ ಈ ಸತ್ವಗಳು ಹಸುರು ಮೊಳಕೆಯಲ್ಲಿ ಸಮೃದ್ಧವಾಗುತ್ತವೆ. ಮೇವು ಮೆತ್ತಗೆ, ರುಚಿಕರ. ಕಣಿಕೆಯೊಡನೆ ಬೆರೆಸಿದರೆ ಕಣಿಕೆಯನ್ನೂ ದನ ಹೆಚ್ಚಾಗಿ ತಿನ್ನುತ್ತದೆ. ಹಾಲಿನಲ್ಲಿ ಶೇಕಡಾ 8ರಿಂದ 13ರಷ್ಟು ಏರಿಕೆ ಕಂಡುದಾಗಿಯೂ ಗೋವೆಯಿಂದ ವರದಿಯಾಗಿದೆ. ಕರೆಯುವ ಎಮ್ಮೆಗೆ, ಗಬ್ಬದ ಆಕಳಿಗೆ, ಬೇಸಿಗೆಯ ಮೂರು ನಾಲ್ಕು ತಿಂಗಳು ದಿನಕ್ಕೆ ಒಂದು ತಟ್ಟೆ. ಇಷ್ಟಕ್ಕೆ ಈ ಪದ್ಧತಿ ನಿಜವಾಗಿಯೂ ಯೋಗ್ಯವಾದುದು. ಇದು ಊಟವಲ್ಲ, ಊಟದ ಬದಿಗಿಡುವ ಪಲ್ಯ. ತಟ್ಟೆಗೆ ಬಿದಿರಿನ ಅಟ್ಟ, ಹಳೆಯ ಸೀರೆಯ ಅಥವಾ ನೆರಳುಬಲೆಯ ಮರೆ, ಕೈಯಲ್ಲೊಂದು ನೀರು ಚಿಮುಕಿಸುವ ಡಬ್ಬಿ ಇವಿಷ್ಟೇ ಸಾಕು. ಗೋವೆಯ ಸಂಸ್ಥೆಯವರೇ ಬಿದಿರು ಮತ್ತು ನೆರಳುಬಲೆಯ ಅಗ್ಗದ ಮಾದರಿಗಳನ್ನು ಮಾಡಿ ತೋರಿಸಿದ್ದಾರೆ. ಲಕ್ಷಗಟ್ಟಲೆ ಬೆಲೆಯ ತಂಪುಯಂತ್ರದ ಕೋಣೆ ಎರಡು ಎಮ್ಮೆಯ ಮನೆಗೆ ಸಲ್ಲದು.

ಇಲ್ಲಿ ಒಂದು ಮುಖ್ಯವಾದ ಎಚ್ಚರಿಕೆಯನ್ನು ಹೇಳಲೇಬೇಕು. ಗೋವಿನಜೋಳವನ್ನು ಕೊಳ್ಳುವ ಬದಲು ಮನೆಯ ಹಗೇವಿನಲ್ಲಿರುವ ಬಿಳಿಜೋಳವನ್ನೇ ಮೊಳೆಸಿದರಾಗದೇ ಎಂಬ ಯೋಚನೆ ನಮ್ಮ ರೈತನಿಗೆ ತಟ್ಟನೆ ಬರುತ್ತದೆ. ಅದನ್ನು ಎಂದಿಗೂ ಮಾಡಕೂಡದು. ಜೋಳದ ಎಳೆಸಸಿಯಲ್ಲಿ ಧುರಿನ್ ಎಂಬ ವಸ್ತುವಿದೆ. ದನ ಅದನ್ನು ಅಗಿದಾಗ ಹೈಡ್ರೋಸಯಾನಿಕ್ ಆಮ್ಲವೆಂಬ ಘೋರವಿಷ ಬಿಡುಗಡೆಯಾಗುತ್ತದೆ. ಪೈರು ಬಲಿತಂತೆ ವಿಷ ಇಳಿಯುತ್ತದೆ, ಎಳೆಯ ಮೊಳಕೆಯಲ್ಲಿಯೇ ಅದು ಅತ್ಯಧಿಕ. ಕೊಯ್ದ ಹೊಲದಲ್ಲಿ ಚಿಗುರಿದ ಕುಳೆಜೋಳಕ್ಕೆ ದನ ಬಾಯಿಹಾಕದಂತೆ ಹಿರಿಯರು ಕಾಯುತ್ತಿದ್ದುದು ಈ ಕಾರಣದಿಂದಲೇ. ಅಂಥ ಮೇವು ತಿಂದ ದನ ಕೆಲವೇ ನಿಮಿಷಗಳಲ್ಲಿ ಏದುಸಿರು ಬಿಟ್ಟು ನೆಲಕ್ಕುರುಳಬಹುದು. ಪಶುವೈದ್ಯರಲ್ಲಿ ಮದ್ದುಂಟು, ಆದರೆ ಅವರು ಬರುವವರೆಗೆ ದನ ಬದುಕಿರಬೇಕಲ್ಲ! ಗೋವಿನಜೋಳ, ಬಾರ್ಲಿ, ಅಲಸಂದಿ ಇವುಗಳಲ್ಲಿ ಈ ಭಯವಿಲ್ಲ. ಬಿತ್ತನೆಗೆಂದು ಔಷಧಿ ಸವರಿ ಬಣ್ಣ ಹಚ್ಚಿದ ಬೀಜವನ್ನೂ ಬಳಸಬಾರದು. ಒಡೆದ ಕಾಳನ್ನು ಆರಿಸಿ ತೆಗೆಯಬೇಕು, ಏಕೆಂದರೆ ಬೂಷ್ಟು ಮೊದಲು ಹಿಡಿಯುವುದು ಅದಕ್ಕೆ. ಬೂಷ್ಟು ಕಂಡ ಚಾಪೆಯನ್ನು ಕನಿಕರಪಡದೆ ತಿಪ್ಪೆಗೆ ಎಸೆಯಬೇಕು; ಕೆಲವು ಬೂಷ್ಟುಗಳ ವಿಷ ಹಾಲಿಗೂ ಇಳಿಯುತ್ತದೆ.

ಕಾಯಿಪಲ್ಯದ ಮಾತಿಗೆ ಬಂದರೆ, ಕೊಳವೆಗಳಲ್ಲಿ ತೆಳುವಾಗಿ ದ್ರಾವಣ ಹರಿಸುವ ಪದ್ಧತಿ ಈಗ ಬೆಂಗಳೂರಿನ ಸುತ್ತ ಕಾಣುತ್ತದೆ. ಅಲ್ಲಿ ಬೆಳೆಯುವ ಲೆಟ್ಯೂಸಿಗೆ ಅಲ್ಲಿ ಗಿರಾಕಿಯುಂಟು. ನಮ್ಮ ತಾಲ್ಲೂಕು ಪೇಟೆಯಲ್ಲಿ ಅದನ್ನು ಕೇಳುವವರಿಲ್ಲ. ಪಂಪು ಕೆಲವು ತಾಸು ನಿಂತರೆ ಬೇಸಿಗೆಯಲ್ಲಿ ಗಿಡಗಳೆಲ್ಲ ಒಟ್ಟಿಗೆ ಬಾಡುತ್ತವೆ. ಮನೆಮಟ್ಟಿಗೆ ನೋಡಬಯಸುವವರಿಗೆ ಹವಾಯಿ ವಿಶ್ವವಿದ್ಯಾಲಯದ ಬಿ. ಎ. ಕ್ರಾಟ್ಕಿ ಪ್ರಚುರಪಡಿಸಿದ ನಿಂತ ನೀರಿನ ವಿಧಾನವೇ ಲೇಸು. ಬೆಳಕು ತೂರದ ಬಕೆಟ್ಟಿನಲ್ಲಿ ದ್ರಾವಣ ತುಂಬಿ, ಮುಚ್ಚಳದ ತೂತಿನಲ್ಲಿ ಸಸಿಯನ್ನು ಕೂರಿಸಬೇಕು. ಗಿಡ ನೀರು ಹೀರಿದಂತೆ ಮಟ್ಟ ಇಳಿಯುತ್ತದೆ. ಮೇಲುಳಿದ ಬೇರು ಗಾಳಿಯನ್ನೂ ಕೆಳಗಿನ ಬೇರು ನೀರನ್ನೂ ಹೀರುತ್ತದೆ. ಇಳಿದ ಮಟ್ಟವನ್ನು ಮತ್ತೆ ಕಂಠಮಟ್ಟ ತುಂಬಿಸಬಾರದು, ಗಾಳಿಗೆ ಒಗ್ಗಿದ ಬೇರು ಮುಳುಗಿ ಸಾಯುತ್ತದೆ. ಪಾಲಕ್, ರಾಜಗಿರಿ, ಕೊತ್ತಂಬರಿಗಳಿಗೆ ಇದು ಸಾಕು. ದ್ರಾವಣದ ಶಾಖ ಏರಿದಂತೆ ಅದರಲ್ಲಿ ಕರಗಿರುವ ಆಮ್ಲಜನಕ ಇಳಿದು ಬೇರು ಕೊಳೆಯುವುದರಿಂದ, ಬಕೆಟ್ಟಿಗೆ ಒದ್ದೆ ಗೋಣಿತಟ್ಟು ಸುತ್ತಿ ನೆರಳಿನಲ್ಲಿಡಬೇಕು. ಆದರೂ ಏಪ್ರಿಲ್, ಮೇ ತಿಂಗಳುಗಳಲ್ಲಿ ನಮ್ಮ ಕಡೆ ಇದನ್ನು ಮಾಡದಿರುವುದೇ ವಾಸಿ.

ನೀರಿನ ಗುಣವನ್ನು ಬಹಳ ಜನ ಮರೆಯುತ್ತಾರೆ. ನಮ್ಮ ಎರೆಸೀಮೆಯ ಕೊಳವೆಬಾವಿಗಳಲ್ಲಿ ಅನೇಕವು ಗಡುಸುನೀರಿನವು. ಲವಣ ಕರಗಿಸುವ ಮೊದಲೇ ಆ ನೀರಿನಲ್ಲಿ ಬೇಡದ ಲವಣ ತುಂಬಿರುತ್ತದೆ. ಸೊಪ್ಪಿನ ಗಿಡಗಳಿಗೆ ರಸಸಾರ 5.5ರಿಂದ 6.5ರ ನಡುವೆ ಇರಬೇಕು. ಇಂಥ ನೀರು ಅದನ್ನು ಮೇಲಕ್ಕೇ ಎಳೆಯುತ್ತದೆ. ಮಾಳಿಗೆಯ ಮಳೆನೀರನ್ನು ಹಿಡಿದಿಟ್ಟುಕೊಂಡವರಿಗೆ ಅರ್ಧ ಕೆಲಸ ಮುಗಿದಂತೆ. ಅಂಗಡಿಯಲ್ಲಿ ಸುಲಭವಾಗಿ ಸಿಗುವ 19:19:19 ಗೊಬ್ಬರವನ್ನೇ ಕರಗಿಸಿದರಾಯಿತೆಂದು ಹಲವರು ತಿಳಿಯುತ್ತಾರೆ. ಅದರಲ್ಲಿರುವ ಸಾರಜನಕದ ಹೆಚ್ಚಿನ ಪಾಲು ಯೂರಿಯಾ ರೂಪದ್ದು. ಮಣ್ಣಿನ ಸೂಕ್ಷ್ಮಜೀವಿಗಳು ಪರಿವರ್ತಿಸಿದ ಹೊರತು ಬೇರಿಗೆ ಅದು ಚೆನ್ನಾಗಿ ದಕ್ಕುವುದಿಲ್ಲ. ಕ್ಯಾಲ್ಸಿಯಂ ಅದರಲ್ಲಿ ಇಲ್ಲವೇ ಇಲ್ಲ. ಕ್ಯಾಲ್ಸಿಯಂ ನೈಟ್ರೇಟನ್ನು ಬೇರೆ ಪಾತ್ರೆಯಲ್ಲಿ ಕರಗಿಸಿ ಕೊನೆಯಲ್ಲಿ ಸೇರಿಸಬೇಕು. ಗಂಧಕದ ಲವಣದೊಡನೆ ಗಟ್ಟಿಯಾಗಿ ಕಲಸಿದರೆ ಜಿಪ್ಸಂ ಆಗಿ ತಳಕ್ಕೆ ಕೂರುತ್ತದೆ.

‘ಜೀವಾಮೃತವನ್ನೇ ಬಕೆಟ್ಟಿಗೆ ಸುರಿದರಾಗದೇ?’ ಎಂದು ಕೇಳುವವರೂ ಇದ್ದಾರೆ. ಪ್ರಶ್ನೆ ದಡ್ಡತನದ್ದಲ್ಲ. ಸಗಣಿ, ಗಂಜಲ, ಬೆಲ್ಲಗಳು ಮಣ್ಣಿಗೆ ಬಿದ್ದಾಗ ಅಲ್ಲಿನ ಅಸಂಖ್ಯ ಜೀವಿಗಳು ಅವನ್ನು ಮುರಿದು ಲವಣರೂಪಕ್ಕೆ ತರುತ್ತವೆ. ಮಣ್ಣಿನ ಸಂದುಗಳಲ್ಲಿರುವ ಗಾಳಿ ಆ ಕೆಲಸಕ್ಕೆ ಬೇಕು. ನಿಂತ ನೀರಿನಲ್ಲಿ ಅದೇ ಜೀವಿಗಳು ಇದ್ದ ಆಮ್ಲಜನಕವನ್ನೆಲ್ಲ ತಿಂದುಹಾಕಿ ಬೇರನ್ನು ಉಸಿರುಗಟ್ಟಿಸುತ್ತವೆ, ನೀರು ನಾರುತ್ತದೆ. ಮಣ್ಣು ನಮಗಾಗಿ ಪುಕ್ಕಟೆಯಾಗಿ ಎಷ್ಟು ಕೆಲಸ ಮಾಡುತ್ತಿದೆ ಎಂಬುದು ಮಣ್ಣನ್ನು ಬಿಟ್ಟು ನೋಡಿದಾಗಲೇ ಗೊತ್ತಾಗುವುದು.

ಮಣ್ಣಿಲ್ಲದ ಬೇಸಾಯ ಸದ್ದಿಲ್ಲದೆ ನಮ್ಮ ರೈತರಲ್ಲಿ ನೆಲೆಯೂರಿರುವುದು ಸಸಿಮಡಿಗಳಲ್ಲಿ. ಮೆಣಸಿನಕಾಯಿ, ಟೊಮ್ಯಾಟೊ, ಕೋಸಿನ ಸಸಿಗಳನ್ನು ತೆಂಗಿನ ನಾರಿನ ಪುಡಿ ತುಂಬಿದ ಗುಳಿತಟ್ಟೆಗಳಲ್ಲಿ ಬೆಳೆಸಿ ಮಾರುವ ಸಸ್ಯಪಾಲನಾಲಯಗಳು ಹಲವೆಡೆ ಇವೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಇದಕ್ಕಾಗಿಯೇ ನಾರಿನ ಪುಡಿಯನ್ನು ಹುದುಗಿಸಿ ಹದಗೊಳಿಸುವ ವಿಧಾನವನ್ನು ರೂಪಿಸಿದೆ. ಬೇರು ಹರಿಯದೆ ಸಸಿ ಎದ್ದು ಬರುತ್ತದೆ, ಮಣ್ಣಿನ ರೋಗ ಅಂಟುವುದಿಲ್ಲ, ನಾಟಿಯಾದ ಮೇಲೆ ಮಣ್ಣೇ ಅದನ್ನು ಸಾಕುತ್ತದೆ. ಸಾಂಪ್ರದಾಯಿಕ ಹೊಲಕ್ಕೆ ಈ ವಿದ್ಯೆ ನಿಶ್ಚಿತವಾಗಿ ಲಾಭ ತಂದಿರುವುದು ಇಲ್ಲಿಯೇ ಎಂದು ನಾನು ಧೈರ್ಯವಾಗಿ ಹೇಳಬಲ್ಲೆ. ಶಾಲೆಗೆ ಏನಾದರೂ ಕೊಡಬೇಕೆನ್ನುವ ದಾನಿಗಳು ದೊಡ್ಡ ಯಂತ್ರಕ್ಕೆ ಬದಲಾಗಿ ಒಂದು ನೆರಳುಬಲೆಯ ಚಪ್ಪರ, ಗುಳಿತಟ್ಟೆಗಳು, ರಸಸಾರ ಅಳೆಯುವ ಉಪಕರಣ, ಗ್ರಾಂ ತೋರಿಸುವ ಒಂದು ಒಳ್ಳೆಯ ತಕ್ಕಡಿ ಇವನ್ನು ಕೊಟ್ಟರೆ ಮಕ್ಕಳ ಕಲಿಕೆಗೂ ಪಾಲಕರ ಹೊಲಕ್ಕೂ ಉಪಕಾರವಾದೀತು.

ಮೇವಿನ ಪ್ರಯೋಗವನ್ನು ಮಾಡಿಯೇ ನೋಡಬೇಕೆನ್ನುವವರು ಸಂಕ್ರಾಂತಿ ಕಳೆದ ಮೇಲೆ ಆರಂಭಿಸುವುದು ಅನುಕೂಲ. ಆಗ ಚಳಿಯೂ ಇಳಿದಿರುತ್ತದೆ, ಉರಿಬಿಸಿಲೂ ಬಂದಿರುವುದಿಲ್ಲ. ಒಂದೂವರೆ ಅಡಿ ಉದ್ದ, ಒಂದು ಅಡಿ ಅಗಲದ ತಟ್ಟೆಗೆ ಒಂದು ಕಿಲೋ ಬೀಜ ಸರಿಹೋಗುತ್ತದೆ. ಎಂಟು ತಟ್ಟೆಗಳಿದ್ದು ದಿನಕ್ಕೊಂದನ್ನು ಹೂಡುತ್ತ ಹೋದರೆ ಒಂಬತ್ತನೆಯ ದಿನದಿಂದ ದಿನವೂ ಒಂದು ತಟ್ಟೆ ಮೇವು ಕೈಗೆ ಬರುತ್ತದೆ. ಬೀಜದ ತೂಕ, ಬೆಲೆ, ಎರೆದ ನೀರು, ಕೆಲಸದ ಹೊತ್ತು, ಎಮ್ಮೆಯ ಹಾಲು ಇಷ್ಟನ್ನು ಒಂದು ವಹಿಯಲ್ಲಿ ಬರೆದಿಡಬೇಕು. ಮೊದಲು ಹದಿನೈದು ದಿನ ಮೊಳಕೆಮೇವು. ಅನಂತರದ ಹದಿನೈದು ದಿನ ಅದೇ ಒಂದು ಕಿಲೋ ಗೋವಿನಜೋಳವನ್ನು ನುಚ್ಚು ಮಾಡಿ ಹಾಕಿ ಹಾಲನ್ನು ಹೋಲಿಸಬೇಕು. ತಟ್ಟೆಯ ಮೇವನ್ನು ಎತ್ತಿದ ಕೂಡಲೇ ತೂಗಬಾರದು. ಬೇರಿನ ನಡುವೆ ನಿಂತ ನೀರು ಬಸಿಯಲು ಒಂದು ತಾಸು ಓರೆಯಾಗಿ ನಿಲ್ಲಿಸಿ, ಆಮೇಲೆ ತೂಗಿ, ಅದರಿಂದ ಒಂದು ಕಿಲೋ ತೆಗೆದು ಬಿಡಿಬಿಡಿಯಾಗಿ ಬಿಸಿಲಿಗೆ ಹರಡಿ, ತೂಕ ಇನ್ನು ಇಳಿಯದೆಂಬಲ್ಲಿಗೆ ಬಂದಾಗ ಮತ್ತೊಮ್ಮೆ ತೂಗಬೇಕು. ಬೀಜವೂ ಬಿಸಿಲಿನಲ್ಲಿಯೇ ಒಣಗಿದ್ದಾದುದರಿಂದ ಈ ಎರಡು ತೂಕಗಳ ಹೋಲಿಕೆ ನ್ಯಾಯವಾದುದು.